ಅವ್ವನ ತಕಲಿಗೆ ಹೊಸ ಎಳೆ

ಗೆಳೆಯರೇ, ಇವತ್ತು ಜಗಳೂರಿನ ಶಾಲೆಯೊಂದರಲ್ಲಿ ಐದನೇ ತರಗತಿಯ ಹುಡುಗಿಯ ಎದುರು ಮಾತಿನಲ್ಲಿ ಸೋತೆ. ಕುರಿ ಉಣ್ಣೆಯಿಂದ ನೂಲು ತೆಗೆಯುವುದನ್ನು ಮಕ್ಕಳಿಗೆ ತೋರಿಸಲು ಅವ್ವನ ತಕಲಿ ಒಯ್ದಿದ್ದೆ. ಹೋದ ತಿಂಗಳು ತೀರಿಕೊಂಡ ಅವ್ವ ಕೊನೆಯದಾಗಿ ತೆಗೆದ ನೂಲು ಅದರಲ್ಲೇ ಇತ್ತು. ಹುಡುಗಿ ಅದಕ್ಕೇ ಕೈಚಾಚಿದಳು.

"ಅದನ್ನ ಮುಟ್ಟಬ್ಯಾಡ, ನಮ್ಮವ್ವಂದು."

"ಹಳೇ ಎಳೆ ಇಲ್ದಂಗೆ ಹೊಸದು ಹೆಂಗೆ ಕೂಡ್ಸಾಕಾಗುತ್ತಕ್ಕಾ? ನೀವೇ ಈಗ ಹೇಳಿದ್ರಲ್ಲ!"

ಹೇಳಿದ್ದು ನಾನೇ. ಮನಸ್ಸಿಲ್ಲದೆ ಕೊಟ್ಟೆ. ಅವ್ವನ ನೂಲಿನ ತುದಿ ಬಿಡಿಸಿ, ಉಣ್ಣೆ ಸೇರಿಸಿ ತಿರುಗಿಸಿದಳು. ಎಳೆ ಕಡಿದಾಗಲೆಲ್ಲ ಬೇಸರಿಸದೆ ಮತ್ತೆ ಕೂಡಿಸಿದಳು. ಕೊನೆಗೆ ಕಡಿಯದೆ ನಿಂತಿತು.

ಅವ್ವನ ನೂಲು ಎಲ್ಲಿ ಮುಗಿಯಿತೆಂದು ಈಗ ಹುಡುಕಬೇಕಿಲ್ಲ. ಅಲ್ಲಿಂದ ಮುಂದೆ ಹಗ್ಗದಷ್ಟು ದಪ್ಪ! ಅವ್ವ ಇದ್ದಿದ್ದರೆ ಚೆನ್ನಾಗಿ ಬೈದು, ಇನ್ನೊಂದು ಹಿಡಿ ಉಣ್ಣೆ ಕೊಡುತ್ತಿದ್ದಳು.