ಹಬ್ಬ ತಪ್ಪಿದವರಿಗೊಂದು ಹಬ್ಬ

ಜರಗನಹಳ್ಳಿಯ ಬಾಡಿಗೆ ಮನೆಯಲ್ಲಿ ಕೂತು ನಾನು ಆನ್‌ಲೈನ್ ವಿಶ್ವಕೋಶವೊಂದಕ್ಕೆ ಪುಕ್ಕಟೆ ಲೇಖನ ಬರೀತಿದ್ದ ಕಾಲ ಅದು. ಆ ಸಲ ಬರೆದದ್ದು ಯಹೂದಿಗಳ ಎರಡನೇ ಪಾಸೋವರ್ ಬಗ್ಗೆ. ಪಾಸೋವರ್ ಅವರ ದೊಡ್ಡ ಹಬ್ಬ. ಅದಾಗಿ ತಿಂಗಳಿಗೆ ಈ ಸಣ್ಣದು ಬರುತ್ತೆ. ಎಲ್ಲಿಯವನೋ ಒಬ್ಬ ಸಂಪಾದಕ, "ಇದು ಚಿಕ್ಕ ಹಬ್ಬ, ಯಾರೂ ಆಚರಿಸಲ್ಲ. ಪುಟ ತೆಗೆದು ದೊಡ್ಡ ಹಬ್ಬದ ಪುಟದಲ್ಲಿ ಒಂದು ಸಾಲು ಸೇರಿಸಿದರೆ ಸಾಕು" ಅಂದ. ಉತ್ತರ ಕೊಡೋಕೆ ಅವತ್ತೇ ಕೊನೇ ದಿನ. ನನಗೆ ಏನೂ ಹೊಳೀತಿರಲಿಲ್ಲ.

ಅಷ್ಟರಲ್ಲಿ ಓನರ್ ಆಂಟಿ ಬಾಗಿಲಿಗೆ ಬಂದ್ರು. "ಸಾಯಂಕಾಲ ಅರಿಶಿನ ಕುಂಕುಮಕ್ಕೆ ಬಾಮ್ಮ, ವರಮಹಾಲಕ್ಷ್ಮಿ ಕೂರಿಸಿದೀವಿ."

"ಹಬ್ಬ ಹೋದ ಶುಕ್ರವಾರಾನೇ ಆಯ್ತಲ್ಲ ಆಂಟಿ?"

"ದಾಯಾದಿಗಳಲ್ಲಿ ಸಾವಾಗಿ ನಮಗೆ ಸೂತಕ ಇತ್ತಲ್ಲ. ತಪ್ಪಿದೋರು ಮುಂದಿನ ಶುಕ್ರವಾರ ಮಾಡಬೋದು."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಯಹೂದಿಗಳ ಆ ಹಬ್ಬ ಹುಟ್ಟಿದ್ದೂ ಹೀಗೇ. ಹೆಣ ಮುಟ್ಟಿ ಮೈಲಿಗೆಯಾದವರು ನಮಗ್ಯಾಕೆ ಹಬ್ಬ ಇಲ್ಲ ಅಂತ ಕೇಳಿದ್ದಕ್ಕೆ ಅವರಿಗೆ ಇನ್ನೊಂದು ದಿನ ಸಿಕ್ಕಿತ್ತು. ಅದನ್ನೂ ಸಂಪಾದಕನ ಮಾತನ್ನೂ ಆಂಟಿಗೆ ಒಂದೇ ಉಸಿರಲ್ಲಿ ಹೇಳಿದೆ.

"ಚಿಕ್ಕ ಹಬ್ಬ ಅಂದನಾ? ಹಬ್ಬದ ಹೊತ್ತಲ್ಲಿ ಅವನ ಮನೇಲಿ ಸಾವಾಗಿಲ್ಲ ಬಿಡು" ಅಂದ್ರು ಆಂಟಿ.

ತಕ್ಷಣ ಲೇಖನದ ಮೊದಲ ಸಾಲು ಬದಲಾಯಿಸಿದೆ. ಎಷ್ಟು ಜನ ಆಚರಿಸ್ತಾರೆ ಅನ್ನೋದನ್ನು ಬಿಟ್ಟು, ಯಾರಿಗೋಸ್ಕರ ಹುಟ್ಟಿತು ಅಂತ ಶುರು ಮಾಡಿದೆ. ಸಂಜೆ ಹೊತ್ತಿಗೆ ಸಂಪಾದಕ ಒಪ್ಪಿದ, ಪುಟ ಉಳೀತು.

ಕುಂಕುಮಕ್ಕೆ ಹೋದವಳು ಮೊದಲು ಹೇಳಿದ್ದೇ ಅದನ್ನ. ಆಂಟಿ ನನ್ನ ತಟ್ಟೆಗೆ ಹೋಳಿಗೆ ಹಾಕ್ತಾ, "ಅವತ್ತು ಅವರು ಏನಡುಗೆ ಮಾಡ್ತಾರೆ?" ಅಂತ ಕೇಳಿದ್ರು.

"ಹುಳಿ ಬರಿಸದ ರೊಟ್ಟಿ. ಅದೂ ಒಂದು ಚೂರು."

"ಅಷ್ಟೇನಾ? ಹಂಗಾದ್ರೆ ಚಿಕ್ಕ ಹಬ್ಬಾನೇ ಬಿಡು."