ಅಜ್ಜಿ ಆರಿಸಿ ಕೊಟ್ಟ ಸೆಲ್ಲು

ಮಗನ ರಿಮೋಟ್ ರೇಸ್ ಕಾರಿನ ಎರಡು ಬ್ಯಾಟರಿ ಚಾರ್ಜರಿನಿಂದ ತಗದೆ. ಅಂಗೈಯಾಗ ಬೆಚ್ಚಗಿದ್ವು. ಅಷ್ಟಕ್ಕ ನಾನು ಸಣ್ಣಾಕಿದ್ದಾಗಿನ ಲಕ್ಷ್ಮೇಶ್ವರದ ನಮ್ಮ ಮಾಳಿಗಿ ಮ್ಯಾಲೆ ಹೋಗಿ ನಿಂತೆ.

ಅಲ್ಲಿ ಅಜ್ಜಿ, ಶಾವಿಗಿ ಪಕ್ಕ ಹಳೇ ಸೆಲ್ಲು ಬಿಸಿಲಿಗೆ ಹರವಿದ್ಲು. ಮುಂಡರಗಿಯಿಂದ ಬಂದಿದ್ದ ಅತ್ತಿ ಮಗಳು ಶೋಭಾನ ಕಾರಿನ ಜೋಡಿ ನನ್ನ ಕಾರಿಗೆ ಪಂದ್ಯ. ಅಜ್ಜಿ ಒಂದೊಂದೇ ಸೆಲ್ಲು ಗಲ್ಲಕ್ಕ ಒತ್ತಿ ನೋಡಿ, "ಇವು ಚಲೋ ಬಿಸಿಲು ಕುಡದಾವು, ತಗೋ ನನ್ನವ್ವಾ" ಅಂತ ಎರಡು ಕೊಟ್ಲು.

"ಬಿಸಿ ಆದ್ರ ಕರೆಂಟು ಬರತೈತೇನಬೇ?" ಅಪ್ಪ ನಕ್ಕ.

ನನ್ನ ಕಾರು ಅಂಗಳದ ಧೂಳಿನಾಗ ತೇಲಿದಂಗ ಓಡಿ ಗೆದ್ತು.

ಸಂಜಿಕ ಅಪ್ಪ ರೇಡಿಯೋದ ಕಿವಿ ಹಿಂಡಿದ. ಉಸಿರಿಲ್ಲ. ಹಿಂದಿನ ಮುಚ್ಚಳ ತಗದ್ರ ಒಳಗ ಸೆಲ್ಲೇ ಇಲ್ಲ. ದಿನಾ ಅದರ ಮುಂದ ಕುಂತು ಹಾಡು ಕೇಳೋ ಅಜ್ಜಿ, ಅವತ್ತು ತಾನೇ ಹಾಡಿಕೋತ ಅಕ್ಕಿ ಹಸನ ಮಾಡಾಕತ್ತಿದ್ಲು.

"ಮಮ್ಮಿ, ಯಾವ ಬ್ಯಾಟರಿ ಹಾಕ್ಲಿ?" ಮಗ ಕೇಳಿದ.

ಎರಡನ್ನೂ ಗಲ್ಲಕ್ಕ ಒತ್ತಿ ನೋಡಿದೆ.