ತಲೆಸುತ್ತಿನ ತಾಲೀಮು

ಗೌರಿ ಹಬ್ಬಕ್ಕೆಂದು ಕೃಷ್ಣಮೂರ್ತಿಪುರದ ನಮ್ಮ ಮನೆಗೆ ಸುಣ್ಣ ಹೊಡೆಸಿದ್ದೆವು. ದಸರೆ ಕಳೆಯುವಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಹಿತ್ತಲಿನವರೆಗೆ, ಸೊಂಟದೆತ್ತರದಲ್ಲಿ, ಗೋಡೆಯುದ್ದಕ್ಕೂ ಒಂದು ಮಾಸಲು ಪಟ್ಟೆ ಮೂಡಿತ್ತು. ಅದು ನನ್ನ ಹೆಂಡತಿ ಗಿರಿಜೆಯ ಕೈ ಸವರಿ ಸವರಿ ಆದ ಪಟ್ಟೆ.

"ಗೋಡೆ ಹಿಡ್ಕೊಂಡು ಯಾಕೆ ನಡೀತೀಯ, ಮುದುಕಿ ಹಾಗೆ?" ಎಂದು ಗದರಿದೆ.

"ತಲೆ ಸುತ್ತುತ್ತೆ ಕಣ್ರೀ. ನೆಲವೇ ಜಾರಿಹೋದ ಹಾಗಾಗುತ್ತೆ. ಎಡಗಿವೀಲಿ ಗುಂಯ್ ಅಂತ ಒಂದೇ ಸಮ ಸದ್ದು."

"ಹೊತ್ತಿಗೆ ಸರಿಯಾಗಿ ಉಣ್ಣದಿದ್ರೆ ಇನ್ನೇನಾಗುತ್ತೆ? ಪಿತ್ತ, ಅಷ್ಟೆ" ಎಂದು ತೀರ್ಪು ಕೊಟ್ಟು ಮೇಜಿನ ಮೇಲಿದ್ದ ಪತ್ರಿಕೆಗೆ ಮರಳಿದೆ.

ಅಂಥದ್ದೇನಿತ್ತು ಆ ಪತ್ರಿಕೆಯಲ್ಲಿ ಎಂದು ನೀವು ಕೇಳಬಹುದು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದವನು. ಮನುಷ್ಯ ಮೊದಲ ಬಾರಿಗೆ ಭೂಮಿಯನ್ನು ಸುತ್ತಿ ಬಂದಿದ್ದ ವರ್ಷ ಅದು. ಕಾಫಿ ಹೋಟೆಲುಗಳಲ್ಲಿ ಕೂಡ ಆಕಾಶದ್ದೇ ಮಾತು. ಗಗನಯಾತ್ರಿಗಳನ್ನು ಹೇಗೆ ಪಳಗಿಸುತ್ತಾರೆಂಬುದನ್ನು ಕುರಿತು ಉಪನ್ಯಾಸ ಕೊಡಿ ಎಂದು ನಮ್ಮ ಬಡಾವಣೆಯ ವಾಚನಾಲಯದವರು ಕೇಳಿದ್ದೇ ತಡ, ನಾನು ಹಿಗ್ಗಿಹೋದೆ. ಒಂದು ತಿಂಗಳು ಮನೆಯಲ್ಲಿದ್ದೂ ಮನೆಯಲ್ಲಿರಲಿಲ್ಲ. ಉದ್ದನೆಯ ಯಂತ್ರದ ತೋಳಿನ ತುದಿಯಲ್ಲಿ ಗರಗರನೆ ತಿರುಗುತ್ತ, ತಮ್ಮ ಮೈಯೇ ತಮಗೆ ಹಲವು ಪಟ್ಟು ಭಾರವಾಗಿ ಉಸಿರಿಗೆ ಒದ್ದಾಡುವವರು, ಸದ್ದೇ ಇಲ್ಲದ ಕೋಣೆಯಲ್ಲಿ ದಿನಗಟ್ಟಲೆ ಒಂಟಿಯಾಗಿ ಕೂರುವವರು, ತಿರುಗುಕುರ್ಚಿಯಲ್ಲಿ ತಲೆಯನ್ನು ಅತ್ತಿತ್ತ ವಾಲಿಸುತ್ತ ವಾಕರಿಕೆಯನ್ನು ನುಂಗಿಕೊಳ್ಳುವವರು, ಇವರೆಲ್ಲರ ಸಂಕಟ ನನಗೆ ಬಾಯಿಪಾಠವಾಗಿತ್ತು. ಸಭೆಗೆ ತೋರಿಸಲೆಂದು ಕಿವಿಯೊಳಗೆ ಮೈಯ ಸಮತೋಲ ಕಾಯುವ ಮೂರು ಬಾಗುನಾಳಗಳ ಚಿತ್ರವನ್ನು ದೊಡ್ಡ ಕಾಗದದ ಮೇಲೆ ಬರೆದೆ. ಕಾಗದ ಸುರುಳಿಯಾಗದಂತೆ ಅಂಚನ್ನು ಒತ್ತಿ ಹಿಡಿದಿದ್ದವಳು ಗಿರಿಜೆಯೇ.

ದೀಪಾವಳಿಯಾದ ವಾರ ಉಪನ್ಯಾಸ. ಸಂಜೆಯ ಸಭೆ ತುಂಬಿತ್ತು; ಗಿರಿಜೆ ಹೆಂಗಸರ ಸಾಲಿನ ಮುಂದೆಯೇ ಕುಳಿತಿದ್ದಳು. "ನಮ್ಮೂರ ಗರಡಿಯಲ್ಲಿ ತೋಳಿಗೆ ತಾಲೀಮು, ಅಲ್ಲಿ ತಲೆಸುತ್ತಿಗೇ ತಾಲೀಮು" ಎಂದೆ, ಜನ ನಕ್ಕರು. ಆ ನಗುವಿನ ಉಮೇದಿನಲ್ಲೇ ವಿವರಿಸಿದೆ: ಕುರ್ಚಿ ನಿಂತರೂ ಕಿವಿಯೊಳಗಿನ ದ್ರವ ಕೂಡಲೇ ನಿಲ್ಲದು, ನೆಲ ಜಾರುತ್ತದೆ, ಗೋಡೆ ಓಡುತ್ತದೆ, ಒಂದೊಂದು ಸಲ ತಿರುಗಿಸಿದ ಮೇಲೂ ವೈದ್ಯರು ಪಕ್ಕದಲ್ಲಿ ಬಗ್ಗಿ, ಈಗ ಹೇಗಿದೆ ಎಂದು ಕೇಳಿ ಉತ್ತರವನ್ನು ಬರೆದುಕೊಳ್ಳುತ್ತಾರೆ. ಚಪ್ಪಾಳೆಯಾಯಿತು. ಹಾರ ಹಾಕಿದರು.

ಟಾಂಗಾದಲ್ಲಿ ಮನೆಗೆ ಬರುವಾಗ ಗಿರಿಜೆ ಕೇಳಿದಳು: "ರೀ, ನೀವು ಹೇಳಿದ್ದೆಲ್ಲ ನನಗೆ ಆಗ್ತಿರೋದೇ ಅಲ್ವಾ? ನನ್ನನ್ನ ಯಾರೂ ತಿರುಗಿಸ್ತಿಲ್ಲ, ಆದ್ರೂ ತಿರುಗುತ್ತಲ್ಲ."

ಆ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಪಾಠ ಕೊನೆಗೂ ಅರ್ಥವಾದ ವಿದ್ಯಾರ್ಥಿನಿಯ ಬೆರಗಿತ್ತು. ಕೊರಳಿನ ಹಾರವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಮರುದಿನವೇ ಕಿವಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು ಕವೆಯಂಥ ಉಕ್ಕಿನ ಕಡ್ಡಿಯನ್ನು ಮಿಡಿದು ಅವಳ ಎರಡೂ ಕಿವಿಗಳ ಬಳಿ ಹಿಡಿದು ನೋಡಿದರು. "ಎಷ್ಟು ದಿನದಿಂದ ಹೀಗೆ, ತಾಯಿ?" ಎಂದು ಕೇಳಿದರು.

"ಯುಗಾದಿಯಿಂದ" ಎಂದಳು ಗಿರಿಜೆ.

ಡಾಕ್ಟರು ನನ್ನ ಮುಖ ನೋಡಿದರು. ನನ್ನೊಬ್ಬನನ್ನೇ ಹೊರಗೆ ಕರೆದು, "ಮೊದಲೇ ಬಂದಿದ್ರೆ ಆ ಎಡಗಿವಿ ಉಳೀತಿತ್ತು ಅಂತ ಹೇಳಲಾರೆ. ಉಳೀತಿರಲಿಲ್ಲ ಅಂತಲೂ ಹೇಳಲಾರೆ" ಎಂದರು. ಅವರ ಪ್ರಾಮಾಣಿಕತೆಗೆ ನಾನು ಋಣಿ. ಆದರೆ ಅಂದಿನಿಂದ ಆ ಎರಡು ವಾಕ್ಯಗಳ ನಡುವೆಯೇ ನನ್ನ ವಾಸ. ಉಪ್ಪು ಕಡಿಮೆ ಮಾಡಿ, ಔಷಧಿ ತೆಗೆದುಕೊಂಡ ಮೇಲೆ ತಲೆಸುತ್ತು ಹತೋಟಿಗೆ ಬಂತು. ಎರಡು ವರ್ಷಗಳಲ್ಲಿ ಎಡಗಿವಿ ಮಾತ್ರ ಪೂರಾ ಮುಚ್ಚಿಹೋಯಿತು.

ಏನೂ ತಿಳಿಯದವನಾಗಿದ್ದರೆ ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತಿದ್ದೆನೇನೋ. ನಾನು ತಿಳಿದವನು, ಗೆಳೆಯರೇ. ಕಂಡರಿಯದ ದೇಶದ, ಮುಖವರಿಯದ ಗಂಡಸರ ವಾಕರಿಕೆಗೆ ಮರುಗಿದವನು. ಎಂಟು ತಿಂಗಳು ನನಗೆ ಅನ್ನ ಬಡಿಸಿದ ಕೈ ಬಾಗಿಲ ಚೌಕಟ್ಟನ್ನು ಹುಡುಕುತ್ತಿದ್ದುದನ್ನು ಕಂಡೂ ಸುಣ್ಣ ಹಾಳಾಯಿತೆಂದು ಕೊರಗಿದವನು. ಅವಳು ಎಂದೂ ಈ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಬೆಳಿಗ್ಗೆ ಇಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲು ಹೋಗುತ್ತೇವೆ. ನಾನು ತಪ್ಪದೆ ಅವಳ ಬಲಕ್ಕೆ, ಕೇಳುವ ಕಿವಿಯ ಕಡೆಗೆ, ನಡೆಯುತ್ತೇನೆ. ಅಂದು ಆಡದೆ ಉಳಿಸಿದ ಮಾತನ್ನೆಲ್ಲ ಒಟ್ಟಿಗೇ ಆಡಿ ಮುಗಿಸುವವನಂತೆ ಮಾತಾಡುತ್ತಲೇ ಇರುತ್ತೇನೆ. ಮೊನ್ನೆ ಅರ್ಧ ದಾರಿಯಲ್ಲಿ ಅವಳು ನಿಂತಳು. ನನ್ನ ತೋಳು ಹಿಡಿದು ಮೆಲ್ಲಗೆ ಎಡಕ್ಕೆ ಸರಿಸಿ, ತಾನು ನೀರಿನ ಕಡೆಗೆ ಬಂದಳು.

"ಯಾಕೆ?" ಎಂದೆ. ಅವಳಿಗೆ ಕೇಳಿಸಲಿಲ್ಲ. ಎದುರಿಗೆ ಬಂದು ನಿಂತು ಮತ್ತೆ ಕೇಳಿದೆ.

"ಏನಿಲ್ಲ ಕಣ್ರೀ," ಎಂದು ನಕ್ಕಳು. "ಇರೋದು ಒಂದೇ ಕಿವಿ. ಸ್ವಲ್ಪ ಹೊತ್ತು ಹಕ್ಕಿ ಕೂಗೋದು ಕೇಳ್ತೀನಿ."

ನಾನು ಅವಳ ಎಡಕ್ಕೆ ಹೋಗಿ ಸುಮ್ಮನೆ ಹೆಜ್ಜೆ ಹಾಕಿದೆ.